ಮದುಮಗಳ ಕೈ

ಬುಗಾಂಡದ ಮಾವೊಕೊಟ ಸೀಮೆಯಲ್ಲಿ ಯಾರದಾದರೂ ಮನೆಯಲ್ಲಿ ಸಾವಾಗಿ ಹೆಣಕ್ಕೆ ಸುತ್ತಲು ನಾರುಮಡಿ ಬೇಕಾದರೆ, ಜನ ಮೊದಲು ಲುಟಾಯನ ಚಪ್ಪರಕ್ಕೇ ಬರುತ್ತಿದ್ದರು. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಮುತುಬ ಮರದ ತೊಗಟೆ ಸುಲಿದು, ಕೊಡತಿಯಿಂದ ಬಡಿದು ಬಡಿದು ಬಟ್ಟೆ ಮಾಡಿದವರು. ಅಪ್ಪ ತೀರಿಕೊಂಡಾಗ ಲುಟಾಯನ ಪಾಲಿಗೆ ಬಂದದ್ದು ಬಾಳೆತೋಟದ ಅಂಚಿನ ಮರಗಳು, ಹುಲ್ಲು ಹೊದಿಸಿದ ಆ ಉದ್ದನೆಯ ಚಪ್ಪರ, ಅದರೊಳಗೆ ತಲೆಮಾರುಗಳಿಂದ ಏಟು ತಿಂದು ನುಣುಪಾದ ದಿಮ್ಮಿ, ಮತ್ತು ಬುಲಾಸಿಯೊ ಎಂಬ ತಮ್ಮ. ತಾಯಿ ಮೊದಲೇ ಹೋಗಿದ್ದಳು. ಇನ್ನೂ ಮೀಸೆ ಸರಿಯಾಗಿ ಮೂಡದ ಲುಟಾಯನೇ ತಮ್ಮನಿಗೆ ತಾಯಿಯೂ ಆದ, ತಂದೆಯೂ ಆದ. ಹಸಿವಾಗದಂತೆ ನೋಡಿಕೊಂಡ, ಓದು ತಲೆಗೆ ಹತ್ತುವಷ್ಟು ದಿನ ಶಾಲೆಗೆ ಕಳಿಸಿದ, ಆಮೇಲೆ ಕೈಗೆ ಕೊಡತಿ ಕೊಟ್ಟ. ಒಳ್ಳೆಯ ಮಾತು ಆಡುವುದೊಂದು ಅವನಿಗೆ ಬರುತ್ತಿರಲಿಲ್ಲ. ಅಪ್ಪನಿಗೂ ಬರುತ್ತಿರಲಿಲ್ಲ.

ಆ ಕೆಲಸದಲ್ಲಿ ಕೈ ನೋಯದವರಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಬೆಳಗಿನಿಂದ ಬಡಿದರೆ ಸಂಜೆ ಹೊತ್ತಿಗೆ ಮೊಣಕೈಯಿಂದ ಮುಂಗೈವರೆಗೆ ಒಳಗೆ ಯಾರೋ ಹಗ್ಗ ಹುರಿಮಾಡುತ್ತಿರುವಂತೆ ಆಗುತ್ತದೆ. ಅಪ್ಪ ಅದನ್ನು ನೋವೆಂದು ಕರೆಯಲು ಬಿಡುತ್ತಿರಲಿಲ್ಲ. ಲುಟಾಯನೂ ಹಾಗೇ ಬೆಳೆದ. ಕೈ ಉಳುಕಿದರೆ ಬಾಳೆನಾರಿನಿಂದ ಬಿಗಿದು ಕಟ್ಟಿ ಮತ್ತೆ ಕೊಡತಿ ಹಿಡಿಯುತ್ತಿದ್ದ. ಮೈಯ ಮಾತು ಕೇಳುವವನು ಕೆಲಸಗಾರನಲ್ಲ ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಬುಲಾಸಿಯೊನ ಕೈ ಬೇರೆಯೇ ಜಾತಿಯದು. ಮೊದಲ ಬಡಿತಕ್ಕೆ ಬಳಸುವ, ಮೈಮೇಲೆ ದಪ್ಪ ಗೀರು ಕೊರೆದ ಕೊಡತಿಯಲ್ಲಿ ಅವನೇನೂ ಅಣ್ಣನಿಗೆ ಸಮನಲ್ಲ. ಆದರೆ ಕೊನೆಯ ಸುತ್ತಿನ ಸಣ್ಣ ಗೀರಿನ ಕೊಡತಿ ಅವನ ಕೈಗೆ ಬಂತೆಂದರೆ ತೊಗಟೆ ತಾನು ತೊಗಟೆಯೆಂಬುದನ್ನೇ ಮರೆಯುತ್ತಿತ್ತು. ಮಣಿಕಟ್ಟನ್ನು ಸ್ವಲ್ಪವೇ ತಿರುಗಿಸಿ, ಏಟನ್ನು ಇಳಿಸದೆ ಜಾರಿಸುವ ಒಂದು ರೀತಿ ಅವನಿಗೆ ಒಲಿದಿತ್ತು. ಅಣ್ಣತಮ್ಮ ಎದುರುಬದುರು ಕೂತು ಬಡಿಯುವಾಗ ಕೆರೆಗೆ ನೀರಿಗೆ ಹೋಗುವ ಹೆಂಗಸರು ಸದ್ದಿನಲ್ಲೇ ಇದು ದೊಡ್ಡವನ ಏಟು, ಇದು ಚಿಕ್ಕವನದು ಎಂದು ಹೇಳುತ್ತಿದ್ದರು. ಕೊಳ್ಳಲು ಬಂದವರು ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ, ಇದು ಚಿಕ್ಕವನದಾ ಎಂದು ಕೇಳುತ್ತಿದ್ದರು. ಲುಟಾಯ ಹೌದೆನ್ನುತ್ತಿದ್ದ. ಹೌದೆನ್ನುವಾಗ ಹೆಮ್ಮೆಯೂ ಆಗುತ್ತಿತ್ತು, ಒಳಗೊಂದು ಮುಳ್ಳೂ ಆಡುತ್ತಿತ್ತು. ಆ ಮುಳ್ಳಿನ ಬಗ್ಗೆ ಅವನು ಯಾರ ಹತ್ತಿರವೂ ಹೇಳಿದವನಲ್ಲ, ತನಗೆ ತಾನೂ ಹೇಳಿಕೊಂಡವನಲ್ಲ.

ಆ ವರ್ಷ ಬುಗಾಂಡಕ್ಕೆ ಮತ್ತೆ ರಾಜ ಬರುವನೆಂದು ಸುದ್ದಿಯಾಯಿತು. ಅಷ್ಟು ವರ್ಷ ಬರಿದಾಗಿದ್ದ ಗದ್ದುಗೆ. ಮುದುಕರು ರೇಡಿಯೊ ಮುಂದೆ ಕೂತು ಅಳುತ್ತಿದ್ದರು. ಪಟ್ಟಾಭಿಷೇಕಕ್ಕೆ ಒಂದೊಂದು ಚಪ್ಪರದಿಂದಲೂ ಅತ್ಯುತ್ತಮ ನಾರುಮಡಿ ಬರಬೇಕೆಂದು ಸೀಮೆಯ ಮುಖ್ಯಸ್ಥನಿಂದ ಹೇಳಿಕಳಿಸಿದರು. ಲುಟಾಯನಿಗೆ ಕಾಲು ನೆಲಕ್ಕೆ ತಾಗದಂತಾಯಿತು. ಹೆಣಕ್ಕೆ ಸುತ್ತುವ ಬಟ್ಟೆಗೂ ಗಿರಾಕಿ ಕಡಿಮೆಯಾಗಿ, ಅಂಗಡಿಯ ತೆಳು ಮಲ್ಲು ಬಟ್ಟೆಯೇ ಸಾಕೆನ್ನುವ ಕಾಲ ಬಂದಿತ್ತು. ಈಗ ಇದ್ದಕ್ಕಿದ್ದಂತೆ ರಾಜನ ಕಾಲಿನಡಿಗೆ ಅವನ ಮನೆಯ ಬಟ್ಟೆ.

ಮಳೆ ಬಿಟ್ಟೂ ಬಿಡದ ಒಂದು ಬೆಳಿಗ್ಗೆ ತೋಟದ ಅಂಚಿನ ಹಳೆಯ ಮುತುಬ ಮರವನ್ನು ಸುಲಿಯಬೇಕೆಂದು ಲುಟಾಯ ನಿಶ್ಚಯಿಸಿದ. ಬುಲಾಸಿಯೊ ಏಣಿಯ ಬುಡದಲ್ಲಿ ನಿಂತು ಕಾಂಡ ಮುಟ್ಟಿ ನೋಡಿದ.

"ಅಣ್ಣಾ, ಕಾಂಡ ಜಾರ್ತಾ ಇದೆ. ಸ್ವಲ್ಪ ಬಿಸಿಲು ಬರ್ಲಿ."

"ರಾಜ ನಿನ್ ಬಿಸಿಲಿಗೆ ಕಾಯ್ತಾ ಕೂತಿರ್ತಾನಾ? ಹತ್ತು ಹತ್ತು."

ಬುಲಾಸಿಯೊ ಹತ್ತಿದ. ತೊಗಟೆ ಬಿಡಿಸಲು ಕಾಂಡದ ಸುತ್ತ ಮೇಲಿನ ಉಂಗುರವನ್ನು ಕೊಯ್ಯಲು ಚಾಕು ಊರಿ ವಾಲಿದಾಗ ಏಣಿ ಪಕ್ಕಕ್ಕೆ ಜಾರಿತು. ಬೀಳುವವರೆಲ್ಲ ಮಾಡುವಂತೆ ಅವನೂ ಬಲಗೈ ಮುಂದೆ ಚಾಚಿದ. ಅಂಗೈ ನೆಲಕ್ಕೆ ಅಪ್ಪಳಿಸಿ ಇಡೀ ಮೈಯ ಭಾರ ಅದರ ಮೇಲೆ ಬಂತು. ಆದರೆ ಅವನು ತಾನೇ ಎದ್ದ, ಮೈಯೆಲ್ಲ ಕೆಸರಾದದ್ದಕ್ಕೆ ತಾನೇ ನಕ್ಕ. ಲುಟಾಯ ಅವನ ತೋಳು ಹಿಡಿದು ಮುಂಗೈಯ ಎರಡು ಮೂಳೆಗಳನ್ನೂ ಉದ್ದಕ್ಕೆ ಒತ್ತಿ ನೋಡಿದ. ನೇರವಾಗಿದ್ದವು. ಬೆರಳು ಮಡಿಸು ಎಂದ, ಮಡಿಸಿದ. ಬಿಚ್ಚು ಎಂದ, ಬಿಚ್ಚಿದ. ಏನೂ ಮುರಿದಿಲ್ಲ, ಉಳುಕು ಎಂದು ತೀರ್ಮಾನವಾಯಿತು. ಲುಟಾಯನ ಹೆಂಡತಿ ನಮ್ಯಾಲೊ ತುಪ್ಪ ಸವರಿ, ಬೆಂಕಿಗೆ ಹಿಡಿದ ಬಾಳೆಯೆಲೆ ಸುತ್ತಿದಳು. ಊತವೂ ಅಷ್ಟೇನಿರಲಿಲ್ಲ, ಕೆಲವೇ ದಿನಗಳಲ್ಲಿ ಇಳಿಯಿತು. ಕೈ ನೋಡಿದರೆ ಎಂದಿನ ಕೈಯೇ.

ಆದರೆ ಕೊಡತಿ ಹಿಡಿದು ನಾಲ್ಕು ಏಟು ಹಾಕುವಷ್ಟರಲ್ಲಿ ಅದು ಅವನ ಕೈಯಿಂದ ಕಳಚಿ ಬಿತ್ತು. ಮತ್ತೆ ಎತ್ತಿಕೊಂಡ, ಮತ್ತೆ ಬಿತ್ತು. ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಅದರ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಅಲ್ಲಿ ನೋವು ಎಂದು ಬುಲಾಸಿಯೊ ತೋರಿಸಿದ. ಲುಟಾಯ ಅಲ್ಲಿ ಬೆರಳೂರಿ ಒತ್ತಿದ. ಬುಲಾಸಿಯೊ ಮೈ ಕೊಡವಿ ಕೈ ಕಿತ್ತುಕೊಂಡ. ಊತವಿಲ್ಲ, ಗಾಯವಿಲ್ಲ, ಸೊಟ್ಟಗಾಗಿಲ್ಲ. ನೋಡುವುದಕ್ಕೆ ಏನೂ ಇಲ್ಲದ ಕಡೆ ಇಷ್ಟೊಂದು ನೋವೇ?

ಅಂದು ಚಪ್ಪರದಲ್ಲಿ ಊರಿನ ಮೂರುನಾಲ್ಕು ಗಂಡಸರು ಸೋರೆಬುರುಡೆಯಲ್ಲಿ ಬಾಳೆಹಣ್ಣಿನ ಮದ್ಯ ಇಟ್ಟುಕೊಂಡು ಕೂತಿದ್ದರು. ಪಟ್ಟಾಭಿಷೇಕದ ಬಟ್ಟೆ ನೋಡಲು ಬಂದವರು. ಅವರಲ್ಲೊಬ್ಬ, ಪಕ್ಕದ ತೋಟದ ಕಲೋಲಿ, ಚಿಕ್ಕವನ ಕೈಗೆ ಏನಾಯಿತು ಎಂದು ಕೇಳಿದ. ಲುಟಾಯ ಎಲ್ಲರಿಗೂ ಕೇಳುವಂತೆ ಹೇಳಿದ:

"ಏನೂ ಆಗಿಲ್ಲ ಕಣಯ್ಯಾ. ಮದುಮಗಳ ಕೈ ಅದು. ಮುಟ್ಟಿದ್ರೆ ಮುದುಡ್ಕೊಳ್ಳುತ್ತೆ. ಇವನನ್ನ ಒಳಗೆ ಕೂರ್ಸಿ, ತುಪ್ಪ ಹಚ್ಚಿ, ಬೀಸಣಿಗೆ ಬೀಸ್ಬೇಕು."

ಗಂಡಸರು ಬಿದ್ದು ಬಿದ್ದು ನಕ್ಕರು. ಬುಲಾಸಿಯೊನೂ ನಕ್ಕ. ಆ ನಗೆಯನ್ನು ನೋಡಿಯೇ ಲುಟಾಯನಿಗೆ, ನೋವು ನಿಜವಾಗಿದ್ದರೆ ಇವನು ನಗುತ್ತಿದ್ದನೇ ಎನಿಸಿತು.

ಅಲ್ಲಿಂದ ಬುಲಾಸಿಯೊನ ಹೆಸರೇ ಬದಲಾಯಿತು. ಅಂಗಡಿಯಲ್ಲಿ, ಕೆರೆಯ ಹತ್ತಿರ, ಇಗರ್ಜಿಯ ಅಂಗಳದಲ್ಲಿ ಎಲ್ಲರೂ ಅವನನ್ನು ಮದುಮಗಳು ಎಂದೇ ಕರೆದರು. ಅವನು ಎರಡೂ ಕೈಯಲ್ಲಿ ಕೊಡತಿ ಹಿಡಿದು ನೋಡಿದ, ಎಡಗೈಯಲ್ಲಿ ನೋಡಿದ. ಬಟ್ಟೆ ಒರಟಾಗಿ ಬಂತು. ಲುಟಾಯ ಅದನ್ನು ಕಿತ್ತುಕೊಂಡು ತಾನೇ ಮತ್ತೆ ಬಡಿದ. ಬಡಿಯುವಾಗ ಏಟಿಗೊಂದು ಮಾತು ಹಾಕಿದ. ದೊಡ್ಡಾಸ್ಪತ್ರೆಗೆ ಒಮ್ಮೆ ತೋರಿಸಿದರಾಗದೇ ಎಂದು ನಮ್ಯಾಲೊ ಎರಡು ಸಲ ಕೇಳಿದಳು. ಪಟ್ಟಾಭಿಷೇಕ ಮುಗಿಯಲಿ ಎಂದು ಅವನು ಎರಡು ಸಲವೂ ಹೇಳಿದ. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಆಸ್ಪತ್ರೆ. ಅಷ್ಟೇ ದೂರ.

ಬುಲಾಸಿಯೊನಿಗೆ ಬೆಟ್ಟದಾಚೆಯ ಊರಿನ ನಂಟುಮೆ ಎಂಬ ಹುಡುಗಿಯ ಕಡೆ ಮಾತು ನಡೆದಿತ್ತು. ಹುಡುಗಿಗೂ ಮನಸ್ಸಿತ್ತು. ಆದರೆ ಹೆಸರು ಬೆಟ್ಟ ದಾಟಿ ಹೋಗಿತ್ತು. ಅವಳ ಅಣ್ಣ ಸಂತೆಯಲ್ಲಿ ಸಿಕ್ಕಿ, ಮದುಮಗಳಿಗೆ ಇನ್ನೊಬ್ಬ ಮದುಮಗಳನ್ನು ಕೊಟ್ಟರೆ ನೀರು ಹೊರುವವರು ಯಾರು ಎಂದು ನಗೆಯಾಡಿದನಂತೆ. ಅದನ್ನು ಬುಲಾಸಿಯೊ ಮನೆಯಲ್ಲಿ ಹೇಳಲಿಲ್ಲ; ಕಲೋಲಿ ಬಂದು ಹೇಳಿದ. ತಾನು ಹುಟ್ಟಿಸಿದ ಮಾತು ಎಲ್ಲಿಗೆ ಮುಟ್ಟಿತು ಎಂದು ಲುಟಾಯನಿಗೆ ಆಗಲೇ ಒಂದು ಗಳಿಗೆ ಹೊಳೆದಿತ್ತು. ಆದರೆ ಒಂದು ಸಲ ಆಡಿದ್ದನ್ನು ತಮ್ಮನ ಮುಂದೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಪಟ್ಟಾಭಿಷೇಕದ ಹಿಂದಿನ ದಿನ ಬುಲಾಸಿಯೊ ಮೀನಿನ ಲಾರಿ ಹತ್ತಿ ಸರೋವರದ ಕಡೆ ಹೊರಟುಹೋದ. ಜಗಳವಾಡಲಿಲ್ಲ. ನಮ್ಯಾಲೊ ಕಟ್ಟಿಕೊಟ್ಟ ಬೇಯಿಸಿದ ಗೆಣಸನ್ನು ಎಡಗೈಯಲ್ಲಿ ತೆಗೆದುಕೊಂಡು, ಬರ್ತೀನಿ ಅತ್ತಿಗೆ ಎಂದಷ್ಟೇ ಹೇಳಿದ. ಲುಟಾಯ ಮರುದಿನ ಒಬ್ಬನೇ ಪಟ್ಟಾಭಿಷೇಕ ನಡೆಯುವ ನಗ್ಗಲಬಿ ಗುಡ್ಡಕ್ಕೆ ಹೋದ. ಜನವೋ ಜನ. ದೂರದಲ್ಲಿ ಕೆಮ್ಮಣ್ಣಿನ ಬಣ್ಣದ ನಾರುಮಡಿಗಳು ಹಾಸಿದ್ದು ಕಂಡಿತು. ಅದರಲ್ಲಿ ಯಾವುದು ತನ್ನ ಚಪ್ಪರದ್ದೆಂದು ಅವನಿಗೂ ತಿಳಿಯಲಿಲ್ಲ. ಊರಿಗೆ ಬಂದು, ರಾಜ ಕಾಲಿಟ್ಟದ್ದು ನಮ್ಮ ಬಟ್ಟೆಯ ಮೇಲೆಯೇ, ಅದು ನನ್ನ ಕೈಯದು ಎಂದು ಎಲ್ಲರಿಗೂ ಹೇಳಿದ. ಕಳಿಸಿದ ಬಟ್ಟೆಗಳಲ್ಲಿ ಎಲ್ಲಕ್ಕಿಂತ ನಯವಾದದ್ದು ಬುಲಾಸಿಯೊ ಬೀಳುವುದಕ್ಕೆ ಮುಂಚೆ ಬಡಿದದ್ದಾಗಿತ್ತು.

ವರ್ಷಗಳು ಉರುಳಿದವು. ಬುಲಾಸಿಯೊ ಸರೋವರದ ನಡುವಿನ ಸ್ಸೆಸೆ ದ್ವೀಪಗಳಲ್ಲೊಂದರ ದೋಣಿಕಟ್ಟೆಯಲ್ಲಿ ಇದ್ದಾನೆಂದು ಮೀನು ಮಾರುವವರಿಂದ ಸುದ್ದಿ ಬರುತ್ತಿತ್ತು. ಮೊದಲು ಬಲೆ ಎಳೆಯುವ ಕೆಲಸಕ್ಕೆ ಸೇರಿದ್ದನಂತೆ, ಆಗಲಿಲ್ಲವಂತೆ. ಹುಟ್ಟು ಹಾಕಲೂ ಆಗಲಿಲ್ಲವಂತೆ. ಈಗ ಯಾರೋ ವಿಧವೆಯೊಬ್ಬಳ ಚಹಾದಂಗಡಿಯಲ್ಲಿ ಒಲೆ ನೋಡಿಕೊಂಡಿದ್ದಾನಂತೆ. ನೋಡು, ಎಲ್ಲಿ ಹೋದರೂ ಅಷ್ಟೇ ಎಂದು ಲುಟಾಯ ಹೆಂಡತಿಗೆ ಹೇಳಿದ.

ಒಮ್ಮೆ ಮಾತ್ರ ಬುಲಾಸಿಯೊ ಊರಿಗೆ ಬಂದ, ಸೋದರತ್ತೆಯ ಸಾವಿಗೆ. ತುಂಬುತೋಳಿನ ಅಂಗಿ ತೊಟ್ಟಿದ್ದ. ಸಾವಿನ ಮನೆಯ ಅಂಗಳದಲ್ಲಿ ಹಿರಿಯರಿಗೆಲ್ಲ ಎಡಗೈ ಚಾಚಿದ. ಎಡಗೈ ಕೊಡುವುದೆಂದರೆ ಮುಖಕ್ಕೆ ಉಗಿದಂತೆ. ಮುದುಕರು ಮುಖ ತಿರುಗಿಸಿದರು. ಲುಟಾಯನಿಗೆ ನೆತ್ತಿಗೇರಿತು.

"ಸತ್ತ ಮನೇಗ್ ಬಂದೂ ನಿನ್ ನಾಟ್ಕ ಬಿಡ್ಲಿಲ್ವಾ?" ಎಂದ.

ಬುಲಾಸಿಯೊ ಅಣ್ಣನನ್ನು ಒಂದು ಗಳಿಗೆ ನೋಡಿದ. ಆಮೇಲೆ ಬಲಗೈ ಚಾಚಿದ. ಲುಟಾಯ ಅದನ್ನು ಹಿಡಿದು, ಗಂಡಸರು ಹಿಡಿಯುವಂತೆ ಬಿಗಿಯಾಗಿ ಅದುಮಿ ಕುಲುಕಿದ. ತಮ್ಮನ ಮುಖ ಬೂದಿಯಾದದ್ದನ್ನೂ, ತುಟಿಯ ಮೇಲೆ ಬೆವರೊಡೆದದ್ದನ್ನೂ ಅವನು ಕಂಡ. ಕಂಡೂ, ಇದೂ ನಾಟಕವೇ ಎಂದುಕೊಂಡ. ಹೆಣಕ್ಕೆ ಮಣ್ಣು ಹಾಕಿದ ಮೇಲೆ ಬುಲಾಸಿಯೊ ಬೇಯಿಸಿದ ಬಾಳೆಕಾಯಿಯ ಮಟೋಕೆ ಊಟಕ್ಕೂ ನಿಲ್ಲದೆ ಹೊರಟ.

ಲುಟಾಯನ ಸ್ವಂತ ಕೈ ಕೆಟ್ಟದ್ದು ಇದಾಗಿ ಕೆಲವು ವರ್ಷಗಳ ಮೇಲೆ. ಮೊದಲು ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳಲ್ಲಿ ಇರುವೆ ಹರಿದಂತಾಗುತ್ತಿತ್ತು. ಕೈ ಕೊಡವಿದರೆ ಹೋಗುತ್ತಿತ್ತು. ಬರಬರುತ್ತ ಮರಗಟ್ಟಿತು. ಚಹಾದ ಲೋಟ ಜಾರಿ ಬಿತ್ತು. ಬಿಸಿ ಪಾತ್ರೆ ಮುಟ್ಟಿ ಬೆರಳ ತುದಿ ಸುಟ್ಟದ್ದು ಚರ್ಮ ಬೊಬ್ಬೆಯಾದ ಮೇಲೆ ತಿಳಿಯಿತು. ಅಂಗಿಯ ಗುಂಡಿ ಹಾಕಲು ನಮ್ಯಾಲೊಳನ್ನು ಕರೆಯಬೇಕಾಯಿತು. ಹೆಬ್ಬೆರಳಿನ ಬುಡದ ಮಾಂಸ ಒಣಗುತ್ತಾ ಬಂತು. ಎಂದಿನಂತೆ ಬಾಳೆನಾರು ಬಿಗಿದು ಕಟ್ಟಿದ. ಮರಗಟ್ಟುವುದು ಇನ್ನೂ ಹೆಚ್ಚಾಯಿತು. ಒಂದು ದಿನ ಗಿರಾಕಿಗಳ ಮುಂದೆಯೇ ಕೊಡತಿ ಅವನ ಹಿಡಿತದಿಂದ ಹಾರಿ ದಿಮ್ಮಿಯಾಚೆ ಬಿತ್ತು.

ಕಲೋಲಿ ಅಲ್ಲೇ ಇದ್ದ. ಮುದುಕನಾಗಿದ್ದರೂ ನಾಲಿಗೆ ಹರಿತವಾಗೇ ಇತ್ತು. "ಏನ್ ಲುಟಾಯ, ಮದುಮಗಳ ಕೈ ನಿಮ್ಮ ಮನೇಲಿ ಪಿತ್ರಾರ್ಜಿತಾನಾ?" ಎಂದ.

ಎಲ್ಲರೂ ನಕ್ಕರು. ಲುಟಾಯನೂ ನಕ್ಕ. ನಗುತ್ತಿರುವಾಗಲೇ, ನೋವಿರುವವನೂ ನಗಬಲ್ಲ ಎಂಬುದು ಅವನಿಗೆ ತನ್ನ ಬಾಯಿಂದಲೇ ಗೊತ್ತಾಯಿತು. ಅವನು ಎದ್ದು ತೋಟದೊಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ದೊಡ್ಡಾಸ್ಪತ್ರೆಗೆ ಹೋಗಲೇಬೇಕಾಯಿತು. ಮೂಳೆ ನೋಡುವ ಡಾಕ್ಟರು ಉತ್ತರದ ಕಡೆಯ ಹೆಂಗಸು, ಲಾಮುನು ಎಂದು ಹೆಸರು. ಅವನಿಗಿಂತ ಮುಂಚೆ ಅವಳ ಮೇಜಿನ ಮುಂದೆ ಒಬ್ಬ ಬೈಕ್ ಟ್ಯಾಕ್ಸಿಯವನು ಕೂತಿದ್ದ. ಅವನ ಕೈಗೆ ಮೊಣಕೈ ಕೆಳಗಿನಿಂದ ಹೆಬ್ಬೆರಳನ್ನೂ ಸೇರಿಸಿ ಪ್ಲಾಸ್ಟರ್ ಹಾಕಿದ್ದರು. ಬಾಗಿಲು ತೆರೆದೇ ಇತ್ತು. ಊತವೇ ಇಲ್ಲದ ಕೈಗೆ ಇದೆಲ್ಲ ಯಾಕೆ, ಬಿಚ್ಚಿಬಿಡಿ, ಗಾಡಿ ಓಡಿಸಬೇಕು ಎಂದು ಅವನು ರಗಳೆ ಮಾಡುತ್ತಿದ್ದ. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದಳು:

"ಬಿದ್ದಾಗ ಅಂಗೈ ಊರಿದೆ ಅಂದ್ಯಲ್ಲಾ, ಆಗ ಹೆಬ್ಬೆರಳ ಬುಡದ ಗುಳಿ ಕೆಳಗಿರೋ ಗೋಡಂಬಿಯಷ್ಟು ಮೂಳೆ ಸೀಳಿದೆ. ಹೊರಗೆ ಏನೂ ಕಾಣಲ್ಲ. ಎಲ್ಲರೂ ಉಳುಕು ಅಂತಾರೆ. ಈಗ ಅಲ್ಲಾಡಿಸ್ದೆ ಇಟ್ರೆ ಕೂಡುತ್ತೆ. ಇಲ್ಲಾ ಅಂದ್ರೆ ಅದಕ್ಕೆ ರಕ್ತ ಹೋಗ್ದೆ ಒಳಗೇ ಸಾಯುತ್ತೆ. ಆಮೇಲೆ ಬಂದು ಅತ್ರೆ ನಾನೇನೂ ಮಾಡೋಕಾಗಲ್ಲ."

ಲುಟಾಯ ಬೆಂಚಿನ ಮೇಲೆ ಕೂತಿದ್ದವನು ಹಾಗೇ ಗೋಡೆಗೆ ಒರಗಿದ. ಹೆಬ್ಬೆರಳ ಬುಡದ ಗುಳಿ. ತಾನೇ ಬೆರಳೂರಿ ಒತ್ತಿದ್ದ ಜಾಗ.

ಅವನ ಸರದಿ ಬಂದಾಗ ಡಾಕ್ಟರು ಅವನ ಮಣಿಕಟ್ಟಿನ ನಡುವೆ ಬೆರಳಿನಿಂದ ತಟ್ಟಿದಳು. ಮಿಂಚು ಹೊಡೆದಂತೆ ಬೆರಳುಗಳಿಗೆ ಹರಿಯಿತು. ಮಣಿಕಟ್ಟಿನ ಅಡ್ಡಕ್ಕೆ ಒಂದು ಗಟ್ಟಿ ಪಟ್ಟಿ ಇದೆ, ಅದರಡಿ ಹಾದುಹೋಗುವ ನರ ಹಿಸುಕಿಹೋಗಿದೆ, ಪಟ್ಟಿಯನ್ನು ಕೊಯ್ದು ಬಿಟ್ಟರೆ ಆಯಿತು, ಸಣ್ಣ ಕೆಲಸ ಎಂದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದಳು. ಅವನು, ಬೈಕಿನವನಿಗೆ ಹೇಳಿದ ಆ ಸಣ್ಣ ಮೂಳೆ ಮುರಿದು ಹದಿನೆಂಟು ವರ್ಷವಾಗಿದ್ದರೆ ಏನಾಗಿರುತ್ತದೆ ಎಂದು ಕೇಳಿದ. ಯಾರಿಗೆ ಎಂದಳು. ಒಬ್ಬರಿಗೆ ಎಂದ. ಆ ಒಬ್ಬರನ್ನು ಕರೆದುಕೊಂಡು ಬನ್ನಿ, ನೋಡದೆ ಹೇಳಲಾಗದು ಎಂದಳು.

ಶಸ್ತ್ರಚಿಕಿತ್ಸೆ ಅಷ್ಟು ಸಲೀಸಾಗಿ ಮುಗಿಯಿತೆಂದರೆ ಅದೇ ಅವನಿಗೆ ದೊಡ್ಡ ಶಿಕ್ಷೆಯಾಯಿತು. ಕೈ ಮಾತ್ರ ಮರಗಟ್ಟಿಸಿ, ಅವನು ಎಚ್ಚರವಿರುವಾಗಲೇ ಮಾಡಿದರು. ಹೊಲಿಗೆ ಬಿಚ್ಚುವ ಹೊತ್ತಿಗೆ ಇರುವೆಗಳು ಹೋಗಿದ್ದವು. ಕೆಲವು ತಿಂಗಳಲ್ಲಿ ಗುಂಡಿಯನ್ನು ತಾನೇ ಹಾಕಿಕೊಂಡ, ಕೊಡತಿಯನ್ನೂ ಹಿಡಿದ. ಇಷ್ಟೇ ಇಷ್ಟಕ್ಕೆ, ಒಂದು ಬಸ್ಸಿನ ದೂರಕ್ಕೆ, ತಾನು ತಮ್ಮನನ್ನು ಕರೆದೊಯ್ಯಲಿಲ್ಲ. ನಮ್ಯಾಲೊಗೆ ಆಸ್ಪತ್ರೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದ. ಅವಳು ಬಟಾಣಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ, "ನಂಗೆ ಗೊತ್ತಿತ್ತು ಅಂತ ನಾನ್ ಹೇಳಲ್ಲ. ಆದ್ರೆ ಅವನು ಸುಳ್ಳು ಹೇಳೋ ಹುಡುಗ ಅಲ್ಲ ಅನ್ನೋದು ನಿಮಗೂ ಗೊತ್ತಿತ್ತು," ಎಂದಳು.

ಆದರೂ ಹೋಗಲು ಧೈರ್ಯ ಬರಲಿಲ್ಲ. ಮಳೆ ಎಂದ, ಕಾಫಿ ಕೊಯ್ಲು ಎಂದ, ಕ್ರಿಸ್ಮಸ್ ಎಂದ. ಕ್ರಿಸ್ಮಸ್ ಕಳೆದು ಬಿಸಿಲು ಬಲಿತ ಮೇಲೆ ಒಂದು ದಿನ ದೋಣಿ ಹತ್ತಿದ.

ದೋಣಿಕಟ್ಟೆಯಲ್ಲಿ ಚಹಾದಂಗಡಿ ಹುಡುಕುವುದೇನೂ ಕಷ್ಟವಾಗಲಿಲ್ಲ. ತಗಡಿನ ಮಾಡು, ಎದುರಿಗೆ ಮರಳಿನ ಮೇಲೆ ಒಣಗಲು ಹರಡಿದ ಬೆಳ್ಳಿಯಂಥ ಸಣ್ಣ ಮೀನು. ಅಂಗಡಿಯ ಒಡತಿ ನಕಿಬೂಕ ಅವನ ಮುಖ ನೋಡುತ್ತಲೇ ಗುರುತು ಹಿಡಿದಳು.

"ಅಣ್ಣ ಇದ್ದಾನೆ ಅಂತ ಹೇಳಿದ್ದ. ಬರ್ತಾನೆ ಅಂತ ಹೇಳಿರ್ಲಿಲ್ಲ," ಎಂದು ಮೊಣಕಾಲೂರಿ ನಮಸ್ಕರಿಸಿ ಒಳಗೆ ಕರೆದಳು.

ಬುಲಾಸಿಯೊ ಹಿತ್ತಲಲ್ಲಿ ಗೆಣಸು ಸುಲಿಯುತ್ತಿದ್ದ. ಬಲಗೈಯ ಮುಂದೋಳಿನಿಂದ ಗೆಣಸನ್ನು ಎದೆಗೆ ಒತ್ತಿ ಹಿಡಿದು, ಎಡಗೈಯಲ್ಲಿ ಚಾಕು ಆಡಿಸುತ್ತಿದ್ದ. ಎಷ್ಟು ವರ್ಷದ ಅಭ್ಯಾಸವೋ, ಚಾಕು ಎಲ್ಲಿಯೂ ತಡೆಯುತ್ತಿರಲಿಲ್ಲ. ತಲೆ ನರೆತಿತ್ತು. ಅಣ್ಣನನ್ನು ಕಂಡು ಎದ್ದ; ಮನೆಯಲ್ಲಿ ಯಾರಾದರೂ ಸತ್ತರೇ ಎಂದು ಮೊದಲು ಕೇಳಿದ. ಇಲ್ಲವೆಂದ ಮೇಲೆ ಕೂತ. ನಕಿಬೂಕ ಕಡಲೆಕಾಯಿ ಸಾರು, ಮೀನು ತಂದಿಟ್ಟಳು. ಉಂಡರು. ಊರಿನವರ ಸುದ್ದಿ ಮಾತಾಡಿದರು. ಯಾರು ಸತ್ತರು, ಯಾರ ತೋಟ ಮಾರಿಹೋಯಿತು, ಯಾರ ಮಗಳಿಗೆ ಅವಳಿ ಹುಟ್ಟಿದವು. ತಟ್ಟೆ ಎತ್ತಿದ ಮೇಲೆ ಲುಟಾಯ ತನ್ನ ಅಂಗೈಯ ಗಾಯದ ಗೆರೆ ತೋರಿಸಿದ. ಆಸ್ಪತ್ರೆಯ ಕಥೆ ಹೇಳಿದ. ಬೈಕಿನವನ ಕಥೆಯನ್ನೂ ಹೇಳಿದ.

"ತಮ್ಮಾ, ನಿನ್ ಕೈ ಮುರಿದಿತ್ತು. ಅವತ್ತೇ ಮುರಿದಿತ್ತು. ನಂಗೆ ಗೊತ್ತಾಗ್ಲಿಲ್ಲ."

ಬುಲಾಸಿಯೊ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟು ನೋಡಿದ. ಹೊರಗೆ ಯಾರೋ ದೋಣಿ ಎಳೆಯುತ್ತ ಹಾಡುತ್ತಿದ್ದರು.

"ಮುರಿದಿದ್ದು ನಿನಗೆ ಹೇಗ್ ಗೊತ್ತಾಗ್ಬೇಕು ಅಣ್ಣಾ," ಎಂದ. "ನಂಗೇ ಗೊತ್ತಿರ್ಲಿಲ್ಲ. ಆದ್ರೆ ನೋವು ಅಂದೆನಲ್ಲ, ಅದನ್ನ ನಂಬಬಹುದಿತ್ತು."

ಲುಟಾಯ ತಲೆ ತಗ್ಗಿಸಿದ.

"ನಿಂಗೆ ಇನ್ನೊಂದ್ ಹೇಳ್ತೀನಿ," ಎಂದು ಬುಲಾಸಿಯೊ ಮೆಲ್ಲಗೆ ಮುಂದುವರಿಸಿದ. "ನೀನ್ ಹೇಳಿದ್ದನ್ನ ನಾನೂ ನಂಬಿಬಿಟ್ಟಿದ್ದೆ. ಇಲ್ಲಿಗೆ ಬಂದು ಬಲೆ ಎಳೆಯೋಕಾಗ್ದೆ ಕೂತಾಗೆಲ್ಲ, ನಾನು ಮೈಗಳ್ಳನೇ ಇರ್ಬೇಕು, ಅದಕ್ಕೇ ಕೈ ನೋಯೋ ಹಾಗೆ ಅನ್ಸುತ್ತೆ ಅಂದ್ಕೊಳ್ತಿದ್ದೆ. ಇಷ್ಟು ವರ್ಷ."

ಬೈಗುಳವನ್ನು ಎದುರುನೋಡಿ ಬಂದವನು ಲುಟಾಯ. ಬೈಗುಳಕ್ಕೆ ಬೇಕಾದ ಉತ್ತರವನ್ನೂ ದೋಣಿಯಲ್ಲಿ ಕೂತು ಹೊಂದಿಸಿಕೊಂಡಿದ್ದ. ಈಗ, ಒಮ್ಮೆ ಆಸ್ಪತ್ರೆಗೆ ಹೋಗಿಬರೋಣ ಬಾ ಎಂದಷ್ಟೇ ಹೇಳಿದ.

ಆಸ್ಪತ್ರೆಗೆ ಬರಲು ಬುಲಾಸಿಯೊ ಒಪ್ಪಿದ್ದು ನಕಿಬೂಕಳ ಒತ್ತಾಯಕ್ಕೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಬೆರಳಿಟ್ಟು ತೋರಿಸಿದಳು. ಸಣ್ಣ ಮೂಳೆ ಎರಡು ಹೋಳಾಗಿತ್ತು. ಒಂದು ಹೋಳು ಸತ್ತು ಬೆಳ್ಳಗಾಗಿತ್ತು, ಸುತ್ತಲ ಕೀಲೆಲ್ಲ ಸವೆದು ಒಂದಕ್ಕೊಂದು ಉಜ್ಜುತ್ತಿತ್ತು. ಮೊದಲಿನಂತೆ ಮಾಡಲು ಸಾಧ್ಯವಿಲ್ಲ ಎಂದು ನೇರವಾಗಿ ಹೇಳಿದಳು. ಮಣಿಕಟ್ಟನ್ನೇ ಒಂದು ತಗಡು ಹಾಕಿ ಬೆಸೆದರೆ ನೋವು ನಿಲ್ಲಬಹುದು. ಆದರೆ ಅದು ಮತ್ತೆ ಬಾಗುವುದಿಲ್ಲ, ತಿರುಗಿಸಿ ಬಡಿಯುವಂಥ ಕೆಲಸ ಇನ್ನೆಂದಿಗೂ ಇಲ್ಲ.

ಲುಟಾಯ ಹಾಳೆಯಿಂದ ಮುಖ ತಿರುಗಿಸಿದ. ಬುಲಾಸಿಯೊ ಮಾತ್ರ ಹಲಗೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಾಗಿ ನೋಡಿದ.

"ಇದು ನಂದೇನಾ ಡಾಕ್ಟ್ರೇ? ಬೇರೆಯವರದಲ್ಲ ತಾನೆ?"

"ನಿಮ್ದೇ. ಇಷ್ಟು ವರ್ಷ ಇದ್ರಲ್ಲಿ ಹೇಗೆ ಕೆಲ್ಸ ಮಾಡಿದ್ರೋ, ದೇವರಿಗೇ ಗೊತ್ತು."

ಬುಲಾಸಿಯೊ ಅಣ್ಣನ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು, ಮುಖ ಮಾತ್ರ ಹುಡುಗನಾಗಿದ್ದಾಗ ಇದ್ದಂತೆ ಅರಳಿತ್ತು. "ನೋಡಿದ್ಯಾ ಅಣ್ಣಾ? ನಿಜವಾಗ್ಲೂ ಮುರಿದಿದೆ," ಎಂದ. ಒಳ್ಳೆಯ ಸುದ್ದಿ ಕೇಳಿದವನ ದನಿಯಲ್ಲಿ ಅಂದ.

ಆ ದನಿ ಲುಟಾಯನನ್ನು ಜೀವವಿರುವವರೆಗೂ ಬಿಡಲಿಲ್ಲ.

ಮಣಿಕಟ್ಟು ಬೆಸೆದದ್ದಾಯಿತು. ನೋವು ನಿಂತಿತು. ಗುಣವಾಗುವ ತನಕ ಬುಲಾಸಿಯೊ ಅಣ್ಣನ ಮನೆಯಲ್ಲೇ ಇದ್ದ. ನಮ್ಯಾಲೊ ಅವನಿಗೆ ಇಷ್ಟವಾದುದನ್ನೆಲ್ಲ ಮಾಡಿ ಹಾಕಿದಳು. ಕಲೋಲಿ ಬಂದು ಹಾಸಿಗೆಯ ಪಕ್ಕ ಕೂತು, ಏನು ಹೇಳುವುದೆಂದು ತಿಳಿಯದೆ ಮಳೆಯ ಬಗ್ಗೆ ಮಾತಾಡಿ ಹೋದ. ಬೆಟ್ಟದಾಚೆಯ ನಂಟುಮೆಗೆ ಆಗಲೇ ಬೆಳೆದ ಮಕ್ಕಳಿದ್ದರು. ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಹೊರಡುವ ದಿನ ಹತ್ತಿರವಾದಾಗ ಲುಟಾಯ ತಮ್ಮನನ್ನು ಚಪ್ಪರಕ್ಕೆ ಕರೆದೊಯ್ದು, ಮರಗಳು ನಿನ್ನವೂ ಹೌದು, ಬಡಿಯಲಾಗದಿದ್ದರೇನು, ಕೂತು ಹೇಳು, ನಾನು ನಿನ್ನ ಮಾತಿನಂತೆ ಬಡಿಯುತ್ತೇನೆ, ನಕಿಬೂಕಳನ್ನೂ ಕರೆದುಕೊಂಡು ಬಂದುಬಿಡು ಎಂದ. ಬುಲಾಸಿಯೊ ದಿಮ್ಮಿಯ ಮೇಲೆ ಎಡಗೈ ಆಡಿಸಿದ. ಅಲ್ಲಿ ನನಗೆ ಹೊಂದಿಕೆಯಾಗಿಬಿಟ್ಟಿದೆ ಅಣ್ಣಾ, ಬೆಳಿಗ್ಗೆ ದೋಣಿ ಬರುವಾಗ ಚಹಾ ಕಾಯಿಸದಿದ್ದರೆ ಬೈಯುತ್ತಾರೆ ಎಂದು ನಕ್ಕು, ಮರುದಿನ ಲಾರಿ ಹತ್ತಿದ.

ಮುಂದಿನ ಬೇಸಿಗೆಯಲ್ಲಿ ಲುಟಾಯ ಮತ್ತೆ ದ್ವೀಪಕ್ಕೆ ಹೋದ. ಅಂಗಡಿ ತುಂಬ ಬಲೆಯವರು ಕೂತಿದ್ದರು. ಕಿಟಕಿಗೆ, ಸರೋವರದ ಬೆಳಕು ಹಾಯುವ ಕಡೆ, ಬುಲಾಸಿಯೊ ತನ್ನ ಎಕ್ಸ್‌ರೇ ಹಾಳೆಯನ್ನು ತೂಗುಹಾಕಿದ್ದ. ಹೊಸಬನೊಬ್ಬ ಅದೇನೆಂದು ಕೇಳಿದ. ಬುಲಾಸಿಯೊ ಬೆರಳಿಟ್ಟು ತೋರಿಸುತ್ತ ಹೇಳತೊಡಗಿದ. ಹುಡುಗನಾಗಿದ್ದಾಗ ಪಟ್ಟಾಭಿಷೇಕದ ಬಟ್ಟೆಗೆಂದು ಮರ ಹತ್ತಿದ್ದೆ, ಕಾಂಡ ಒದ್ದೆಯಾಗಿತ್ತು, ಬಿದ್ದೆ, ಈ ಮೂಳೆ ಹೀಗೆ ಎರಡಾಯಿತು, ಹೊರಗೆ ಕಾಣಲೇ ಇಲ್ಲ, ಆ ಕಾಲದಲ್ಲಿ ಯಾರಿಗೂ ತಿಳಿಯಲಿಲ್ಲ. ಬಲೆಯವರು ಲೊಚಗುಟ್ಟಿದರು. ಕಥೆಯಲ್ಲಿ 'ಹತ್ತು ಹತ್ತು' ಎಂದವರು ಯಾರೂ ಇರಲಿಲ್ಲ. ನಕ್ಕವರೂ ಇರಲಿಲ್ಲ. ಅಣ್ಣನೊಬ್ಬ ಇದ್ದನೆಂಬುದೇ ಇರಲಿಲ್ಲ.

ಮೂಲೆಯ ಬೆಂಚಿನ ಮೇಲೆ ಕೂತಿದ್ದ ಲುಟಾಯ, ಅವನನ್ನು ಹತ್ತಿಸಿದವನು ನಾನು ಎಂದು ಹೇಳಲು ಬಾಯಿ ತೆರೆದ. ಬುಲಾಸಿಯೊ ಅಷ್ಟರಲ್ಲಿ ಬಂದು ಅವನ ಮುಂದೆ ಲೋಟವಿಟ್ಟು, ಬಾಗದ ಮಣಿಕಟ್ಟಿನ ಕೈಯಿಂದ ಕೆಟಲನ್ನು ಹುಷಾರಾಗಿ ವಾಲಿಸಿ ಚಹಾ ಬಗ್ಗಿಸಿದ. ಒಂದು ತೊಟ್ಟೂ ಚೆಲ್ಲಲಿಲ್ಲ.

"ಆರೋಗುತ್ತೆ, ಕುಡಿ ಅಣ್ಣಾ," ಎಂದು ಮುಂದಿನ ಬೆಂಚಿಗೆ ಹೋದ.

ಲುಟಾಯ ಕುಡಿದ. ಮಧ್ಯಾಹ್ನದ ದೋಣಿ ಹೊರಡುವವರೆಗೂ ಅಲ್ಲೇ ಕೂತಿದ್ದ. ಇನ್ನೆರಡು ಸಲ ಹೊಸಬರು ಕೇಳಿದರು, ಬುಲಾಸಿಯೊ ಇನ್ನೆರಡು ಸಲ ಅದೇ ಕಥೆ ಹೇಳಿದ.